ಪ್ರಾಣಿಯ ಸ್ವಂತ ರಕ್ತದಿಂದಲೇ ಗಾಯಕ್ಕೆ ಆಸರೆ: ಪಿಆರ್‌ಪಿ, ಪಿಆರ್‌ಎಫ್ ತಯಾರಿಸಿ ಬಳಸುವ ಕ್ರಮ

ಹೊಲಿದ ಗಾಯ ಬಿಚ್ಚಿಕೊಳ್ಳುವುದಿದ್ದರೆ ಹೆಚ್ಚಾಗಿ ಮೂರನೇ ದಿನದಿಂದ ಐದನೇ ದಿನದೊಳಗೆ ಬಿಚ್ಚಿಕೊಳ್ಳುತ್ತದೆ. ಆ ಹೊತ್ತಿಗೆ ಗಾಯದ ಎರಡು ಅಂಚುಗಳನ್ನು ಹಿಡಿದಿಟ್ಟಿರುವುದು ದಾರ ಮಾತ್ರ. ದೇಹ ಕೊಲಾಜನ್ ಎಂಬ ತನ್ನ ನಾರನ್ನು ನೇಯಲು ಆಗಷ್ಟೇ ಕೈಹಚ್ಚಿರುತ್ತದೆ. ಕೀಲಿನ ಮೇಲಿನ ಗಾಯ, ಚರ್ಮ ಸಾಲದೆ ಎಳೆದು ಕೂಡಿಸಿದ ಗಾಯ, ಸೊರಗಿದ ಮುದಿ ನಾಯಿಯ ಗಾಯ ಇವುಗಳ ಬ್ಯಾಂಡೇಜನ್ನು ನಾಲ್ಕನೇ ದಿನ ಬಿಚ್ಚುವಾಗಿನ ಆತಂಕ ಶಸ್ತ್ರಚಿಕಿತ್ಸೆ ಮಾಡುವ ಪ್ರತಿ ಪಶುವೈದ್ಯರಿಗೂ ಗೊತ್ತು. ಈ ಕೆಲವೇ ದಿನಗಳಲ್ಲಿ ಗಾಯಕ್ಕೆ ಆಸರೆಯಾಗುವಂಥದ್ದು ಅದೇ ಪ್ರಾಣಿಯ ರಕ್ತದ ಪ್ಲೇಟ್‌ಲೆಟ್ ಕಣಗಳಲ್ಲಿದೆ. ಅದನ್ನು ಬೇರ್ಪಡಿಸಿ, ಹದವಾಗಿ, ಸರಿಯಾದ ಜಾಗಕ್ಕೆ ಸೇರಿಸುವುದು ಹೇಗೆ ಎಂಬುದನ್ನು ಚಿಕಿತ್ಸಾಲಯದಲ್ಲಿ ಕೆಲಸ ಮಾಡುವ ಪಶುವೈದ್ಯರಿಗೂ ಇಂಟರ್ನ್‌ಶಿಪ್‌ನಲ್ಲಿರುವ ವಿದ್ಯಾರ್ಥಿಗಳಿಗೂ ಉಪಯೋಗವಾಗುವಂತೆ ಬರೆಯುತ್ತಿದ್ದೇನೆ.

ಪ್ಲೇಟ್‌ಲೆಟ್ ಏನು ಮಾಡುತ್ತದೆ

ಪ್ಲೇಟ್‌ಲೆಟ್ ಎಂದರೆ ರಕ್ತ ಹೆಪ್ಪುಗಟ್ಟಿಸುವ ಕಣ ಎಂದಷ್ಟೇ ನಾವು ಓದಿ ಮರೆತಿರುತ್ತೇವೆ. ಅದರೊಳಗೆ ಆಲ್ಫಾ ಕಣಿಕೆಗಳೆಂಬ ಪುಟ್ಟ ಚೀಲಗಳಿವೆ. ಪಿಡಿಜಿಎಫ್, ಟಿಜಿಎಫ್-ಬೀಟಾ, ವಿಇಜಿಎಫ್ ಮುಂತಾದ ಬೆಳವಣಿಗೆಯ ಅಂಶಗಳು ಅವುಗಳಲ್ಲಿ ತುಂಬಿರುತ್ತವೆ. ಕೊಲಾಜನ್, ಥ್ರಾಂಬಿನ್ ಅಥವಾ ಕ್ಯಾಲ್ಸಿಯಂ ತಾಗಿದ ಕೂಡಲೇ ಚೀಲಗಳು ಬಾಯ್ತೆರೆಯುತ್ತವೆ, ಒಂದು ಗಂಟೆಯೊಳಗೆ ಒಳಗಿದ್ದುದರಲ್ಲಿ ಬಹುಪಾಲು ಹೊರಬರುತ್ತದೆ. ಆ ಸಂಕೇತ ಹಿಡಿದು ಕೊಳೆ ತೆಗೆಯುವ ಕೋಶಗಳು, ನಾರು ನೇಯುವ ಫೈಬ್ರೋಬ್ಲಾಸ್ಟ್‌ಗಳು ಗಾಯದತ್ತ ಬರುತ್ತವೆ, ಹೊಸ ರಕ್ತನಾಳಗಳು ಚಿಗುರುತ್ತವೆ.

1998ರಲ್ಲಿ ಅಮೆರಿಕದ ಬಾಯಿ-ದವಡೆ ಶಸ್ತ್ರವೈದ್ಯ ರಾಬರ್ಟ್ ಮಾರ್ಕ್ಸ್ ಮತ್ತು ಜೊತೆಗಾರರು ಮೂಳೆ ಕಸಿಯಲ್ಲಿ ಪ್ಲೇಟ್‌ಲೆಟ್ ಹೆಚ್ಚಿಸಿದ ಪ್ಲಾಸ್ಮಾ, ಅಂದರೆ ಪಿಆರ್‌ಪಿ ಬಳಸಿ ವರದಿ ಮಾಡಿದ ಮೇಲೆ ಈ ವಿಧಾನ ಎಲ್ಲೆಡೆ ಹರಡಿತು. 2001ರಲ್ಲಿ ಫ್ರಾನ್ಸಿನ ಜೋಸೆಫ್ ಶುಕ್ರೂನ್, ಹೆಪ್ಪುನಿರೋಧಕ ಹಾಕದೆಯೇ ರಕ್ತವನ್ನು ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿ ಫೈಬ್ರಿನ್ (ರಕ್ತದ ಹೆಪ್ಪಿನ ನಾರು) ಗಟ್ಟಿ ತೆಗೆಯುವ ಪಿಆರ್‌ಎಫ್ ವಿಧಾನ ತಂದರು. ಪಿಆರ್‌ಪಿ ದ್ರವ: ಚುಚ್ಚಬಹುದು, ಜೆಲ್ ಮಾಡಿ ಹಚ್ಚಬಹುದು. ಪಿಆರ್‌ಎಫ್ ಗಟ್ಟಿ: ಒತ್ತಿದರೆ ಪೊರೆಯಾಗುತ್ತದೆ, ಹೊಲಿಗೆ ಹಾಕಿ ಕೂರಿಸಬಹುದು, ತನ್ನಲ್ಲಿರುವುದನ್ನು ಒಮ್ಮೆಲೇ ಸುರಿಯದೆ ಒಂದು ವಾರ ಅಥವಾ ಅದಕ್ಕೂ ಹೆಚ್ಚು ಕಾಲ ನಿಧಾನವಾಗಿ ಬಿಡುತ್ತದೆ.

ಮೊದಲ ಹೆಜ್ಜೆ: ಈ ಗಾಯಕ್ಕೆ ಇದು ಬೇಕೇ?

ಇದನ್ನು ಮೊದಲಿಗೇ ಇಡಲು ಕಾರಣವಿದೆ. ಪಿಆರ್‌ಪಿ ಹಾಕಿಯೂ ಮಾಗದ ಗಾಯಗಳನ್ನು ಮತ್ತೆ ತೆರೆದು ನೋಡಿದಾಗ ನನಗೆ ಬಹುತೇಕ ಸಲ ಕಂಡದ್ದು ಪಿಆರ್‌ಪಿಯ ತಪ್ಪಲ್ಲ, ಒಳಗೆ ಉಳಿದ ಸತ್ತ ಅಂಗಾಂಶ, ಬಿಗಿಯಾಗಿ ಎಳೆದ ಹೊಲಿಗೆ ಅಥವಾ ಮುಚ್ಚದೆ ಬಿಟ್ಟ ಟೊಳ್ಳು. ಆರೋಗ್ಯವಂತ ಎಳೆ ನಾಯಿಯ ಸಂತಾನಹರಣ ಶಸ್ತ್ರಚಿಕಿತ್ಸೆಯ ಗಾಯಕ್ಕೆ ಇದರ ಅಗತ್ಯವೇ ಇಲ್ಲ. ಅದು ತಾನೇ ಮಾಗುತ್ತದೆ. ಬಳಕೆಗೆ ಬರುವುದು ಇಂಥ ಕಡೆ: ಚರ್ಮದ ಫ್ಲ್ಯಾಪ್ (ಒಂದು ಬದಿ ಅಂಟಿದ್ದಂತೆಯೇ ಸರಿಸಿ ಹೊದಿಸುವ ಚರ್ಮ) ಅಥವಾ ಕಸಿ, ಕೀಲಿನ ಮೇಲಿನ ಗಾಯ, ಒಮ್ಮೆ ಬಿಚ್ಚಿಕೊಂಡು ಮತ್ತೆ ಹೊಲಿಯಬೇಕಾದ ಗಾಯ, ಬಾಯಿ-ಮೂಗಿನ ನಡುವಿನ ತೂತು ಮುಚ್ಚುವ ಶಸ್ತ್ರಚಿಕಿತ್ಸೆ, ಹಲ್ಲು ಕಿತ್ತ ದೊಡ್ಡ ಗುಳಿ, ಚರ್ಮ ಕಳೆದುಕೊಂಡು ತೆರೆದೇ ಮಾಗಬೇಕಾದ ಗಾಯ.

ಗಡ್ಡೆ ತೆಗೆದ ಜಾಗದ ಅಂಚುಗಳು ಶುದ್ಧವೆಂದು ರೋಗಶಾಸ್ತ್ರದ ವರದಿ ಬರುವವರೆಗೆ ಅಲ್ಲಿ ಹಾಕಬೇಡಿ. ಬೆಳವಣಿಗೆಯ ಅಂಶಗಳಿಗೆ ಒಳ್ಳೆಯ ಕೋಶ, ಕೆಟ್ಟ ಕೋಶ ಎಂಬ ಭೇದವಿಲ್ಲ. ಕೀವು ತುಂಬಿದ ಗಾಯಕ್ಕೂ ಬೇಡ. ಪಿಆರ್‌ಪಿಗೆ ಸೂಕ್ಷ್ಮಜೀವಿಗಳನ್ನು ತಡೆಯುವ ಸ್ವಲ್ಪ ಗುಣ ಇದ್ದರೂ, ಕೀವು ಬಸಿದು, ಸತ್ತದ್ದನ್ನು ಕತ್ತರಿಸಿ, ತೊಳೆಯುವ ಕೆಲಸಕ್ಕಾಗಲಿ, ಕಲ್ಚರ್ ನೋಡಿ ಕೊಡುವ ಆಂಟಿಬಯಾಟಿಕ್‌ಗಾಗಲಿ ಅದು ಬದಲಿಯಲ್ಲ. ರಕ್ತಸ್ರಾವದ ಕಾಯಿಲೆ, ಸೆಪ್ಸಿಸ್ ಅಥವಾ ತೀವ್ರ ರಕ್ತಹೀನತೆ ಇರುವ ಪ್ರಾಣಿಯಿಂದ ಇದಕ್ಕೆಂದು ರಕ್ತ ತೆಗೆಯಬಾರದು.

ಪ್ಲೇಟ್‌ಲೆಟ್ ಎಣಿಕೆ ಮಾಡಿಸದೆ ಮುಂದುವರಿಯಬೇಡಿ. ನಾಯಿಯಲ್ಲಿ ಸಾಮಾನ್ಯವಾಗಿ ಮೈಕ್ರೋಲೀಟರಿಗೆ 2 ರಿಂದ 5 ಲಕ್ಷ ಇರುತ್ತದೆ, ಕುದುರೆಯಲ್ಲಿ ಕಡಿಮೆ, 1 ರಿಂದ 3 ಲಕ್ಷದ ಆಸುಪಾಸು. ಉಣ್ಣಿಯಿಂದ ಹರಡುವ ಎರ್ಲಿಕಿಯೋಸಿಸ್ ಹಿಡಿದ ನಾಯಿಯಲ್ಲಿ ಇದು ಪಾತಾಳಕ್ಕಿಳಿದಿರುತ್ತದೆ. ಅಂಥ ರಕ್ತವನ್ನು ಎಷ್ಟು ತಿರುಗಿಸಿದರೂ ಸಿಗುವುದು ಬರೀ ಪ್ಲಾಸ್ಮಾ. ಬೆಕ್ಕಿನ ಪ್ಲೇಟ್‌ಲೆಟ್‌ಗಳು ಟ್ಯೂಬಿನಲ್ಲೇ ಮುದ್ದೆಯಾಗುವುದರಿಂದ ಯಂತ್ರ ಸುಳ್ಳು ಕಡಿಮೆ ಎಣಿಕೆ ತೋರಿಸುತ್ತದೆ. ಗಾಜಿನ ಸ್ಲೈಡ್ ಮೇಲೆ ರಕ್ತದ ಒಂದು ಸ್ಮಿಯರ್ ಎಳೆದು ಕಣ್ಣಾರೆ ನೋಡಿ. ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ತಳಿಯ ಹಲವು ನಾಯಿಗಳಲ್ಲಿ ಹುಟ್ಟಿನಿಂದಲೇ ಎಣಿಕೆ ಕಡಿಮೆ, ಗಾತ್ರ ದೊಡ್ಡದು. ಅದು ಕಾಯಿಲೆಯಲ್ಲ.

ಔಷಧಿಗಳನ್ನೂ ವಿಚಾರಿಸಿ. ಆಸ್ಪಿರಿನ್ ಪ್ಲೇಟ್‌ಲೆಟ್ ಅನ್ನು ಅದರ ಆಯುಸ್ಸಿಡೀ ಮಂಕಾಗಿಸುತ್ತದೆ, ಹಾಗಾಗಿ ನಿಲ್ಲಿಸಿ ಒಂದು ವಾರ, ಹತ್ತು ದಿನ ಕಳೆದಿರಬೇಕು. ಆದರೆ ಪಿಆರ್‌ಪಿ ಕೆಡುತ್ತದೆಂಬ ಭಯಕ್ಕೆ ಶಸ್ತ್ರಚಿಕಿತ್ಸೆಯಾದ ಪ್ರಾಣಿಗೆ ನೋವಿನ ಔಷಧಿ ತಪ್ಪಿಸುವುದನ್ನು ನಾನು ಒಪ್ಪುವುದಿಲ್ಲ. ರಕ್ತ ಮೊದಲು ತೆಗೆಯಿರಿ, ನೋವಿನ ಔಷಧಿ ಆಮೇಲೆ ಕೊಡಿ, ಸಮಸ್ಯೆಯೇ ಇಲ್ಲ.

ರಕ್ತ ತೆಗೆಯುವಾಗಲೇ ಅರ್ಧ ಕೆಲಸ

ಸೆಂಟ್ರಿಫ್ಯೂಜ್ ಯಾವುದು, ಕಿಟ್ ಯಾವುದು ಎಂದು ಎಲ್ಲರೂ ಕೇಳುತ್ತಾರೆ. ಸೂಜಿ ಯಾವುದು ಎಂದು ಕೇಳುವವರು ಕಡಿಮೆ. ಸಣ್ಣ ಸೂಜಿಯಲ್ಲಿ, ಸಿಗದ ರಕ್ತನಾಳಕ್ಕಾಗಿ ಎರಡು ಮೂರು ಸಲ ತಡಕಾಡಿ, ಸಿರಿಂಜನ್ನು ಜೋರಾಗಿ ಎಳೆದರೆ ಪ್ಲೇಟ್‌ಲೆಟ್‌ಗಳು ಅಲ್ಲೇ ಎಚ್ಚರಗೊಂಡು ತಮ್ಮಲ್ಲಿರುವುದನ್ನು ಸುರಿದುಬಿಡುತ್ತವೆ. ಟ್ಯೂಬಿನಲ್ಲಿ ಉಳಿಯುವುದು ಖಾಲಿ ಚೀಲ. ಎಣಿಕೆಯಲ್ಲಿ ಸಂಖ್ಯೆ ಚೆನ್ನಾಗಿಯೇ ಕಾಣಬಹುದು, ಗಾಯಕ್ಕೆ ಮಾತ್ರ ಏನೂ ದಕ್ಕುವುದಿಲ್ಲ. ನಾನು ಆರಂಭದಲ್ಲಿ ಮುಂಗಾಲಿನ ರಕ್ತನಾಳದಿಂದ ಸಣ್ಣ ಸೂಜಿಯಲ್ಲಿ ತೆಗೆಯುತ್ತಿದ್ದೆ, ಟ್ಯೂಬಿನ ಗೋಡೆಗೆ ಸಣ್ಣ ಬಿಳಿ ಹರಳಿನಂಥ ಮುದ್ದೆಗಳು ಅಂಟಿರುತ್ತಿದ್ದವು. ಕುತ್ತಿಗೆಯ ಜುಗುಲರ್ ನಾಳಕ್ಕೆ ಬದಲಾಯಿಸಿದ ಮೇಲೆ ಅವು ಕಾಣಲಿಲ್ಲ.

ಹೀಗೆ ಮಾಡಿ. ಕುತ್ತಿಗೆಯ ಕೂದಲು ಬೋಳಿಸಿ, ಶಸ್ತ್ರಚಿಕಿತ್ಸೆಗೆ ಮಾಡುವಷ್ಟೇ ಶ್ರದ್ಧೆಯಿಂದ ಸ್ವಚ್ಛಗೊಳಿಸಿ. ಇಲ್ಲಿ ಹೊಕ್ಕ ಸೂಕ್ಷ್ಮಜೀವಿ ನೇರ ಗಾಯಕ್ಕೆ ಹೋಗುತ್ತದೆ. ನಾಯಿಗೆ 18 ಅಥವಾ 19 ಗೇಜ್, ಬೆಕ್ಕಿಗೆ 21 ಗೇಜ್ ಬಟರ್‌ಫ್ಲೈ ಸೂಜಿ. ಮೊದಲ ಒಂದೆರಡು ಮಿ.ಲೀ. ರಕ್ತದಲ್ಲಿ ಅಂಗಾಂಶದ ರಸ ಬೆರೆತಿರುವುದರಿಂದ ಅದನ್ನು ಬೇರೆ ಸಿರಿಂಜಿಗೆ ತೆಗೆದು ತಪಾಸಣೆಗೆ ಬಳಸಿ. ಎಣಿಕೆಗೂ ಅದೇ ಆಗುತ್ತದೆ ಎಂದುಕೊಳ್ಳಬೇಡಿ, ಎಣಿಕೆಗೆ ಬೇಕಾದ ರಕ್ತವನ್ನು ನಂತರದ ಹರಿವಿನಿಂದಲೇ ತೆಗೆಯಿರಿ. ಸಿರಿಂಜನ್ನು ನಿಧಾನವಾಗಿ ಎಳೆಯಿರಿ. ಇವೆಲ್ಲ ಡ್ರಿಪ್ ಹಚ್ಚುವ ಮೊದಲೇ ಆಗಬೇಕು. ಸಲೈನ್ ಒಳಹೋದ ಮೇಲೆ ತೆಗೆದ ರಕ್ತ ನೀರಾಗಿರುತ್ತದೆ. ಮಂಪರು ತರಿಸುವ ಅಸಿಪ್ರೊಮಜೀನ್ ಕೊಡುವುದಿದ್ದರೆ ಅದಕ್ಕೂ ಮೊದಲೇ ತೆಗೆಯುವುದು ಒಳ್ಳೆಯದು.

ಪಿಆರ್‌ಪಿಗೆ ಹೆಪ್ಪುನಿರೋಧಕವಾಗಿ ಸೋಡಿಯಂ ಸಿಟ್ರೇಟ್ ಅಥವಾ ಎಸಿಡಿ-ಎ ಬಳಸಿ. ಸಿಟ್ರೇಟ್ ಆದರೆ ಒಂದು ಭಾಗಕ್ಕೆ ಒಂಬತ್ತು ಭಾಗ ರಕ್ತ. ಇಡಿಟಿಎ ಎಂಬ ಇನ್ನೊಂದು ಹೆಪ್ಪುನಿರೋಧಕದ ಟ್ಯೂಬ್ ಕೈಗೆ ಸುಲಭವಾಗಿ ಸಿಗುತ್ತದೆಂದು ಅದನ್ನೇ ಬಳಸಬೇಡಿ. ಅದು ಪ್ಲೇಟ್‌ಲೆಟ್‌ನ ಆಕಾರ ಮತ್ತು ಪೊರೆಯನ್ನು ಕೆಡಿಸುತ್ತದೆ. ಟ್ಯೂಬನ್ನು ಕುಲುಕದೆ, ಮೆಲ್ಲಗೆ ಐದಾರು ಸಲ ಮಗುಚಿ.

ಎಷ್ಟು ತೆಗೆಯಬಹುದು? ನಾಯಿಯ ಮೈಯಲ್ಲಿ ಕಿಲೋಗೆ ಸುಮಾರು 80 ರಿಂದ 90 ಮಿ.ಲೀ., ಬೆಕ್ಕಿನಲ್ಲಿ ಸುಮಾರು 60 ಮಿ.ಲೀ. ರಕ್ತವಿರುತ್ತದೆ. 20 ಕಿಲೋ ನಾಯಿಯಿಂದ 18 ಮಿ.ಲೀ. ತೆಗೆದರೆ ಒಟ್ಟು ರಕ್ತದ ಶೇ. 1ರಷ್ಟೇ. ಆದರೆ 4 ಕಿಲೋ ಬೆಕ್ಕಿನಿಂದ 10 ಮಿ.ಲೀ. ತೆಗೆದರೆ ಶೇ. 4 ದಾಟುತ್ತದೆ, ಶಸ್ತ್ರಚಿಕಿತ್ಸೆಯಲ್ಲಿ ಹೋಗುವ ರಕ್ತ ಬೇರೆ. ಬೆಕ್ಕಿನ ಲೆಕ್ಕ ಬಿಗಿಯಾಗಿರಲಿ.

ತಿರುಗಿಸುವ ಲೆಕ್ಕ

"ಎಷ್ಟು ಆರ್‌ಪಿಎಂ?" ಎಂಬ ಪ್ರಶ್ನೆಗೆ ಉತ್ತರ ಹೇಳಿದರೂ ಪ್ರಯೋಜನವಿಲ್ಲ, ಏಕೆಂದರೆ ಮುಖ್ಯವಾಗುವುದು ರಕ್ತದ ಮೇಲೆ ಬೀಳುವ ಬಲ, ಅಂದರೆ 'ಜಿ'. ಅದು ನಿಮ್ಮ ಯಂತ್ರದ ತೋಳಿನ ಉದ್ದವನ್ನು ಅವಲಂಬಿಸಿದೆ. ಯಂತ್ರದ ನಡುಬಿಂದುವಿನಿಂದ ತಿರುಗುವಾಗ ಟ್ಯೂಬಿನ ತಳ ಇರುವ ಜಾಗದವರೆಗೆ ಸ್ಕೇಲ್ ಇಟ್ಟು ಸೆಂ.ಮೀ.ನಲ್ಲಿ ಅಳೆಯಿರಿ. ಆ ಅಂತರವನ್ನು ನಿಮಿಷದ ಸುತ್ತುಗಳ ವರ್ಗದಿಂದ ಗುಣಿಸಿ, ಬಂದದ್ದನ್ನು 0.00001118ರಿಂದ ಗುಣಿಸಿ. 10 ಸೆಂ.ಮೀ. ತೋಳಿನಲ್ಲಿ 1,200 ಸುತ್ತು ಎಂದರೆ ಸುಮಾರು 160 ಜಿ, 15 ಸೆಂ.ಮೀ. ತೋಳಿನಲ್ಲಿ ಅದೇ 1,200 ಸುತ್ತು ಸುಮಾರು 240 ಜಿ. ಒಬ್ಬರ ಸಂಖ್ಯೆಯನ್ನು ಇನ್ನೊಬ್ಬರು ನಕಲು ಮಾಡಿ ಕೆಡುವುದು ಇಲ್ಲೇ.

ನಾಯಿಯ ರಕ್ತಕ್ಕೆ ಎರಡು ಸುತ್ತಿನ ವಿಧಾನ ಹೀಗಿದೆ. ಮೊದಲು 150 ರಿಂದ 200 ಜಿ, 10 ನಿಮಿಷ, ಬ್ರೇಕ್ ಹಾಕದೆ. ಕೆಳಗೆ ಕೆಂಪು, ನಡುವೆ ಬಿಳಿಕಣಗಳ ತೆಳು ಪದರ, ಮೇಲೆ ಮಬ್ಬಾದ ಹಳದಿ ಪ್ಲಾಸ್ಮಾ ನಿಲ್ಲುತ್ತದೆ. ಪ್ಲಾಸ್ಮಾ ಮಬ್ಬಾಗಿದ್ದರೆ ಸಂತೋಷಪಡಿ, ಪ್ಲೇಟ್‌ಲೆಟ್‌ಗಳು ಅದರಲ್ಲೇ ತೇಲುತ್ತಿವೆ ಎಂದರ್ಥ. ನೀರಿನಂತೆ ತಿಳಿಯಾಗಿದ್ದರೆ ಬಲ ಹೆಚ್ಚಾಗಿ ಅವು ಕೆಳಗಿಳಿದಿವೆ. ಮೇಲಿನ ಪ್ಲಾಸ್ಮಾವನ್ನು ಉದ್ದ ಸೂಜಿಯಿಂದ ಹೀರಿ, ಏನೂ ಹಾಕದ ಸ್ಟೆರೈಲ್ ಟ್ಯೂಬಿಗೆ ಹಾಕಿ. ಎರಡನೇ ಸುತ್ತು ಸುಮಾರು 700 ಜಿ, 10 ನಿಮಿಷ (10 ಸೆಂ.ಮೀ. ತೋಳಿನಲ್ಲಿ 2,500 ಸುತ್ತು). ಈಗ ತಳದಲ್ಲಿ ಪುಟ್ಟ ಗುಂಡಿಯಂತೆ ಪ್ಲೇಟ್‌ಲೆಟ್ ಕೂತಿರುತ್ತದೆ. ಮೇಲಿನ ಮೂರನೇ ಎರಡು ಭಾಗವನ್ನು ತೆಗೆದು ಬೇರೆ ಇಡಿ, ಉಳಿದದ್ದರಲ್ಲಿ ಗುಂಡಿಯನ್ನು ಮೆಲ್ಲಗೆ ಕರಗಿಸಿ. ಕರಗದೆ ಎಳೆಎಳೆಯಾದರೆ ಐದು ಹತ್ತು ನಿಮಿಷ ಹಾಗೇ ಬಿಟ್ಟು ಮತ್ತೆ ಪ್ರಯತ್ನಿಸಿ, ಸಿರಿಂಜಿನಲ್ಲಿ ಎಳೆದು ಬಿಡುವ ಆತುರ ಬೇಡ.

18 ಮಿ.ಲೀ. ರಕ್ತದಿಂದ ಎರಡೂವರೆ, ಮೂರು ಮಿ.ಲೀ. ಪಿಆರ್‌ಪಿ ಸಿಗುತ್ತದೆ. ಅದರ ಒಂದು ಹನಿ ಎಣಿಕೆಗೆ ಕಳಿಸಿ. ಮೂಲ ಎಣಿಕೆಯ ಮೂರರಿಂದ ಐದು ಪಟ್ಟು ಇದ್ದರೆ ಕೆಲಸ ಸರಿಯಾಗಿದೆ. ಮೊದಲ ಹತ್ತು ಹನ್ನೆರಡು ಪ್ರಾಣಿಗಳವರೆಗೆ ಇದನ್ನು ತಪ್ಪಿಸಲೇಬೇಡಿ, ನಿಮ್ಮ ಯಂತ್ರಕ್ಕೆ ಹೊಂದುವ ಲೆಕ್ಕ ಹುಟ್ಟುವುದೇ ಇದರಿಂದ.

ಪ್ರಾಣಿ ಬದಲಾದರೆ ಲೆಕ್ಕವೂ ಬದಲು. ಬೆಕ್ಕಿನ ಪ್ಲೇಟ್‌ಲೆಟ್ ದೊಡ್ಡದು, ಕೆಂಪುಕಣ ಚಿಕ್ಕದು. ಎರಡೂ ಜೊತೆಯಾಗಿ ಕೆಳಗಿಳಿಯುವುದರಿಂದ ಮೊದಲ ಸುತ್ತಿನ ಬಲ ಇನ್ನೂ ಮೃದುವಾಗಿರಬೇಕು. ದನ, ಮೇಕೆಗಳ ಕೆಂಪುಕಣಗಳು ನಾಣ್ಯ ಪೇರಿಸಿದಂತೆ ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ, ಗಾತ್ರವೂ ಕಿರಿದು. ಅವು ಕೆಳಗಿಳಿಯಲು ಹೆಚ್ಚು ಬಲ ಬೇಕು. ಕುದುರೆಯದು ಇದಕ್ಕೆ ತದ್ವಿರುದ್ಧ: ಹೆಪ್ಪುನಿರೋಧಕ ಬೆರೆಸಿದ ರಕ್ತವನ್ನು ಸುಮ್ಮನೆ ನೆಟ್ಟಗೆ ನಿಲ್ಲಿಸಿಟ್ಟರೂ ಒಂದು ಗಂಟೆಯೊಳಗೆ ಕೆಂಪು ಕೆಳಗಿಳಿದು ಪ್ಲಾಸ್ಮಾ ಬೇರ್ಪಡುತ್ತದೆ. ಲಾಯದಲ್ಲೇ ಚಿಕಿತ್ಸೆ ಮಾಡಬೇಕಾದಾಗ ಇದು ವರವೇ ಸರಿ, ಆದರೆ ಎರಡು ಸುತ್ತಿನ ವಿಧಾನದಷ್ಟು ಸಾಂದ್ರತೆ ಬರುವುದಿಲ್ಲ.

ಬಿಳಿಕಣಗಳ ಪದರವನ್ನು ಸೇರಿಸಿಕೊಳ್ಳಬೇಕೇ ಎಂಬ ಚರ್ಚೆ ಇನ್ನೂ ನಡೆದಿದೆ. ಬಿಳಿಕಣ ಸೂಕ್ಷ್ಮಜೀವಿಯೊಡನೆ ಕಾದಾಡುತ್ತದೆ, ಜೊತೆಗೆ ಉರಿಯೂತವನ್ನೂ ಕೊಲಾಜನ್ ಕರಗಿಸುವ ಕಿಣ್ವಗಳನ್ನೂ ತರುತ್ತದೆ. ಹೊಲಿದು ಮುಚ್ಚುವ ಸ್ವಚ್ಛ ಗಾಯಕ್ಕೆ ನಾನು ಆ ಪದರದ ತಂಟೆಗೆ ಹೋಗದೆ ಮೇಲಿನ ಪ್ಲಾಸ್ಮಾ ಮಾತ್ರ ತೆಗೆಯುತ್ತೇನೆ.

ತಯಾರಾದ ಪಿಆರ್‌ಪಿಯನ್ನು ಫ್ರಿಜ್‌ನಲ್ಲಿ ಇಡಬೇಡಿ, ತಣ್ಪಿಗೆ ಪ್ಲೇಟ್‌ಲೆಟ್ ಎಚ್ಚರಗೊಳ್ಳುತ್ತದೆ. ಕೋಣೆಯ ಉಷ್ಣತೆಯಲ್ಲಿಟ್ಟು ಅದೇ ಶಸ್ತ್ರಚಿಕಿತ್ಸೆಯಲ್ಲಿ ಬಳಸಿ ಮುಗಿಸಿ.

ಪಿಆರ್‌ಎಫ್: ಇಲ್ಲಿ ಗಡಿಯಾರವೇ ಯಜಮಾನ

ಹೆಪ್ಪುನಿರೋಧಕ ಇಲ್ಲದ ಗಾಜಿನ ಟ್ಯೂಬ್ ಅಥವಾ ಸಿಲಿಕಾ ಲೇಪಿಸಿದ ಟ್ಯೂಬಿಗೆ ರಕ್ತ ಬಿದ್ದ ಒಂದೆರಡು ನಿಮಿಷದೊಳಗೆ ಯಂತ್ರ ತಿರುಗುತ್ತಿರಬೇಕು. ತಡವಾದರೆ ರಕ್ತ ತನ್ನಷ್ಟಕ್ಕೆ ಹೆಪ್ಪುಗಟ್ಟಿ ಪದರ ಬೇರ್ಪಡುವುದೇ ಇಲ್ಲ. ಆದ್ದರಿಂದ ಎದುರಿನ ಟ್ಯೂಬಿಗೆ ನೀರು ತುಂಬಿ ತೂಕ ಸರಿಪಡಿಸಿ, ಯಂತ್ರದ ಮುಚ್ಚಳ ತೆರೆದಿಟ್ಟು, ಆಮೇಲೆ ಸೂಜಿ ಹಿಡಿಯಿರಿ. ಸುಮಾರು 400 ಜಿ ಬಲದಲ್ಲಿ 10 ರಿಂದ 12 ನಿಮಿಷ (10 ಸೆಂ.ಮೀ. ತೋಳಿನಲ್ಲಿ 1,900 ಸುತ್ತು). ನಡುವಿನ ಹಳದಿ ಗಟ್ಟಿಯನ್ನು ಚಿಮುಟದಲ್ಲಿ ಎತ್ತಿ, ಕೆಂಪು ಭಾಗವನ್ನು ಕತ್ತರಿಸಿ. ಕತ್ತರಿಸುವಾಗ ಕೆಂಪಿಗೆ ಅಂಟಿದ ತೆಳು ಅಂಚನ್ನು ಹಳದಿಯಲ್ಲೇ ಉಳಿಸಿಕೊಳ್ಳಿ, ಪ್ಲೇಟ್‌ಲೆಟ್ ದಟ್ಟವಾಗಿರುವುದು ಅಲ್ಲೇ. ಎರಡು ಒದ್ದೆ ಗಾಜ್ ತುಂಡುಗಳ ನಡುವೆ ಇಟ್ಟು ಹಗುರವಾಗಿ ಒತ್ತಿದರೆ ಪೊರೆ ಸಿದ್ಧ.

ಬಾಯಿ-ಮೂಗಿನ ತೂತು ಮುಚ್ಚುವಾಗ ಈ ಪೊರೆಯನ್ನು ಫ್ಲ್ಯಾಪ್‌ನ ಅಡಿಗೆ ಹಾಸಿ, ಕರಗುವ ದಾರದಿಂದ ಎರಡು ಕಡೆ ಹಿಡಿಸಿ. ಹಲ್ಲಿನ ಗುಳಿಗೆ ಒತ್ತದೆಯೇ ಗಟ್ಟಿಯನ್ನು ಹಾಗೇ ತುಂಬಿ, ಮೇಲೆ ವಸಡು ಹೊಲಿಯಬಹುದು.

ಗಾಯಕ್ಕೆ ಸೇರಿಸುವುದು

ಗಾಯವನ್ನು ಸಲೈನ್‌ನಿಂದ ತೊಳೆದು, ರಕ್ತ ಒಸರುವುದನ್ನು ನಿಲ್ಲಿಸಿ. ಪೊವಿಡೋನ್ ಅಯೋಡಿನ್ ಅಥವಾ ಕ್ಲೋರ್‌ಹೆಕ್ಸಿಡಿನ್ ಬಳಸಿದ್ದರೆ ಅದರ ಸುಳಿವೂ ಉಳಿಯದಂತೆ ತೊಳೆಯಿರಿ. ಪಿಆರ್‌ಪಿ ಜೊತೆ ಲಿಡೋಕೇನ್ ಬೆರೆಸಬೇಡಿ, ಅದು ಪ್ಲೇಟ್‌ಲೆಟ್‌ಗಳ ಕೆಲಸವನ್ನು ಕುಗ್ಗಿಸುತ್ತದೆ.

ಅಂಚುಗಳಿಗೆ ಚುಚ್ಚುವುದಾದರೆ ಏನೂ ಬೆರೆಸದೆ ಹಾಗೇ ಚುಚ್ಚಿ, ಅಂಗಾಂಶದಲ್ಲಿರುವ ಕೊಲಾಜನ್ನೇ ಅದನ್ನು ಎಬ್ಬಿಸುತ್ತದೆ. ಸುಮಾರು 1 ಸೆಂ.ಮೀ.ಗೆ ಒಂದರಂತೆ 0.1 ರಿಂದ 0.2 ಮಿ.ಲೀ. ಸಾಕು, ಚರ್ಮ ಉಬ್ಬಿ ಬಿಳುಚುವಷ್ಟು ತುಂಬಿದರೆ ಅಲ್ಲಿನ ರಕ್ತಸಂಚಾರಕ್ಕೇ ಅಡ್ಡಿ. ಗಾಯದ ಹಾಸಿನ ಮೇಲೆ ಹಚ್ಚುವುದಾದರೆ ಜೆಲ್ ಬೇಕು. 1 ಮಿ.ಲೀ. ಪಿಆರ್‌ಪಿಗೆ ಶೇ. 10ರ ಕ್ಯಾಲ್ಸಿಯಂ ಗ್ಲುಕೋನೇಟ್ 0.1 ಮಿ.ಲೀ. ಬೆರೆಸಿ ಸಣ್ಣ ಸ್ಟೆರೈಲ್ ಬಟ್ಟಲಿನಲ್ಲಿ ಬಿಡಿ, ಕೆಲವು ನಿಮಿಷದಲ್ಲಿ ಲೋಳೆಯಾಗಿ ಹಿಡಿದುಕೊಳ್ಳುತ್ತದೆ. ಎರಡನೇ ಸುತ್ತಿನಲ್ಲಿ ತೆಗೆದಿಟ್ಟ ತಿಳಿ ಪ್ಲಾಸ್ಮಾಕ್ಕೂ ಹೀಗೆಯೇ ಕ್ಯಾಲ್ಸಿಯಂ ಬೆರೆಸಿದರೆ ಅದೂ ಫೈಬ್ರಿನ್ ಅಂಟಾಗುತ್ತದೆ. ದನದ ಥ್ರಾಂಬಿನ್ ಬಳಸುವ ಹಳೆಯ ಪದ್ಧತಿ ಬೇಡ, ಅದರ ವಿರುದ್ಧ ಹುಟ್ಟುವ ಪ್ರತಿಕಾಯಗಳು ಪ್ರಾಣಿಯ ಸ್ವಂತ ಹೆಪ್ಪುಗಟ್ಟುವಿಕೆಯನ್ನೇ ಕೆಡಿಸಬಲ್ಲವು.

ಚರ್ಮದ ಕಸಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಕಸಿಯ ಚರ್ಮ ಮೊದಲ ದಿನಗಳಲ್ಲಿ ಬದುಕುವುದು ಕೆಳಗಿನ ಹಾಸಿನ ರಸ ಹೀರಿ. ನಡುವೆ ದಪ್ಪ ಜೆಲ್ ಇದ್ದರೆ ಅದೇ ಗೋಡೆಯಾಗುತ್ತದೆ. ಹಾಸು ಹೊಳೆಯುವಷ್ಟು ತೆಳುವಾಗಿ ಸವರಿ. ಫ್ಲ್ಯಾಪ್‌ನ ಅಡಿಯಲ್ಲಿ ಟೊಳ್ಳು ಉಳಿದಿದ್ದರೆ ಹೊಲಿಗೆ ಅಥವಾ ಡ್ರೈನ್‌ನಿಂದಲೇ ಅದನ್ನು ಮುಚ್ಚಬೇಕು, ಜೆಲ್ ತುಂಬಿ ಅಲ್ಲ.

ಕುದುರೆಯ ಕಾಲಿನ ಕೆಳಭಾಗದ ಗಾಯ ಬೇರೆಯದೇ ಕಥೆ. ಅಲ್ಲಿ ಹೊಸ ಮಾಂಸ ಸಾಲದಿರುವುದಲ್ಲ, ಮಿತಿಮೀರಿ ಚರ್ಮದ ಮೇಲಕ್ಕೆ ಉಬ್ಬಿ ದುರ್ಮಾಂಸವಾಗುವುದೇ ತೊಂದರೆ. ಬ್ಯಾಂಡೇಜ್ ಕಟ್ಟಿದ ಇಂಥ ಗಾಯಗಳಿಗೆ ಪಿಆರ್‌ಪಿ ಹಾಕಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ದುರ್ಮಾಂಸ ಹೆಚ್ಚಿ ಗಾಯ ಮುಚ್ಚುವುದು ನಿಧಾನವಾಯಿತು. 2003ರ ಇನ್ನೊಂದು ವರದಿಯಲ್ಲಿ ಒಳ್ಳೆಯ ಪರಿಣಾಮ ಕಂಡಿತ್ತು, ಆದರೆ ಅದು ಒಂದೇ ಕುದುರೆಯ ಮೇಲಿನ ಪ್ರಯೋಗ. ಹಾಗಾಗಿ ಅಂಗಾಂಶ ತುಂಬಾ ಕಳೆದುಹೋಗಿ ಹಾಸು ತಗ್ಗಾಗಿರುವ ಹೊಸ ಗಾಯಕ್ಕೆ ಮಾತ್ರ ಹಾಕಿ, ಕೆಂಪು ಹಾಸು ಚರ್ಮದ ಮಟ್ಟಕ್ಕೆ ಬಂದ ದಿನವೇ ನಿಲ್ಲಿಸಿ.

ಕಣ್ಣಿಗೆ ಸೀರಮ್

ಪಿಆರ್‌ಪಿ ಮಾಡಲು ಅನುಕೂಲವಿಲ್ಲದ ಚಿಕಿತ್ಸಾಲಯದಲ್ಲೂ ಸೀರಮ್, ಅಂದರೆ ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡುವ ತಿಳಿ ದ್ರವ, ತಯಾರಿಸಬಹುದು. ಕಾರ್ನಿಯಾ ಕರಗುತ್ತಿರುವ ಹುಣ್ಣಿನಲ್ಲಿ, ಅದರ ಮೇಲೆ ಕಂಜಂಕ್ಟಿವಾ (ಕಣ್ಣಿನ ಬಿಳಿಭಾಗದ ಮೇಲಿನ ತೆಳುಪೊರೆ) ಹೊದಿಸಿದ ಶಸ್ತ್ರಚಿಕಿತ್ಸೆಯ ನಂತರವೂ, ಕೊಲಾಜನ್ ತಿನ್ನುವ ಕಿಣ್ವಗಳನ್ನು ಸೀರಮ್‌ನಲ್ಲಿರುವ ಆಲ್ಫಾ-2-ಮ್ಯಾಕ್ರೋಗ್ಲೋಬ್ಯುಲಿನ್ ಕಟ್ಟಿಹಾಕುತ್ತದೆ. ಏನೂ ಹಾಕದ ಟ್ಯೂಬಿನಲ್ಲಿ ರಕ್ತ ತೆಗೆದು ಅರ್ಧ ಗಂಟೆ ಹೆಪ್ಪುಗಟ್ಟಲು ಬಿಟ್ಟು, ತಿರುಗಿಸಿ, ಸೀರಮ್ ಅನ್ನು ಸ್ಟೆರೈಲ್ ಹನಿಬಾಟಲಿಗೆ ತುಂಬಿ. ಮೊದಮೊದಲು ಒಂದೆರಡು ಗಂಟೆಗೊಮ್ಮೆ ಹಾಕಬೇಕು, ಆಂಟಿಬಯಾಟಿಕ್ ಹನಿಯ ಜೊತೆಗೇ, ಎರಡರ ನಡುವೆ ಐದು ನಿಮಿಷ ಬಿಟ್ಟು. ಇದನ್ನು ಮಾತ್ರ ಫ್ರಿಜ್‌ನಲ್ಲೇ ಇಡಬೇಕು. ಸಂರಕ್ಷಕ ಇಲ್ಲದ ಸೀರಮ್ ಸೂಕ್ಷ್ಮಜೀವಿಗಳಿಗೆ ಹಬ್ಬದೂಟ, ಬಾಟಲಿಯ ತುದಿ ರೆಪ್ಪೆಗೆ ತಾಗಿದರೂ ಎಸೆಯಿರಿ, ತಾಗದಿದ್ದರೂ 48 ಗಂಟೆಗೊಮ್ಮೆ ಹೊಸದು ಮಾಡಿ.

ಹೆಸರು ಬರೆಯದ ಟ್ಯೂಬ್ ಬಳಸಬೇಡಿ

ಒಂದೇ ದಿನ ಎರಡು ಪ್ರಾಣಿಗಳಿದ್ದಾಗ ಟ್ಯೂಬ್ ಅದಲುಬದಲಾಗುವುದು ಕ್ಷಣದ ಕೆಲಸ. ರಕ್ತ ತೆಗೆದವರೇ, ಮೇಜು ಬಿಟ್ಟು ಏಳುವ ಮೊದಲು, ಹೆಸರು, ದಿನಾಂಕ, ಸಮಯ ಬರೆಯಲಿ. ಬೇರೆ ಪ್ರಾಣಿಯ ರಕ್ತದ ಜೊತೆ ಬಬೇಸಿಯಾ, ಎರ್ಲಿಕಿಯಾ, ಬೆಕ್ಕಿನಲ್ಲಿ ಎಫ್‌ಐವಿ ಮತ್ತು ಎಫ್‌ಇಎಲ್‌ವಿ ವೈರಸ್‌ಗಳು, ಕುದುರೆಯಲ್ಲಿ ಸಾಂಕ್ರಾಮಿಕ ರಕ್ತಹೀನತೆ ದಾಟಬಹುದು. ಸ್ವಂತ ರಕ್ತ ಬಳಸುವುದರ ದೊಡ್ಡ ಲಾಭವೇ ಈ ಭಯ ಇಲ್ಲದಿರುವುದು.

ನಂತರದ ದಿನಗಳು

ಅಂಟದ ಡ್ರೆಸ್ಸಿಂಗ್ ಹಾಕಿ, ತೇವ ಉಳಿಯುವಂತೆ ಕಟ್ಟಿ. ಇ-ಕಾಲರ್ ಹಾಕದೆ ಮನೆಗೆ ಕಳಿಸಬೇಡಿ, ಒಂದು ರಾತ್ರಿ ನೆಕ್ಕಿದರೆ ಎಲ್ಲ ಶ್ರಮವೂ ನೀರುಪಾಲು. ಸಾಕಿದವರಿಗೆ ಹೀಗೆ ಹೇಳಿ: ಮೊದಲೆರಡು ದಿನ ಸ್ವಲ್ಪ ಊತ ಇರಬಹುದು, ಮೂರನೇ ದಿನದ ಮೇಲೆ ಊತ ಏರಿದರೆ, ವಾಸನೆ ಬಂದರೆ, ಪ್ರಾಣಿ ಮೇವು ಅಥವಾ ಊಟ ಬಿಟ್ಟರೆ ಕಾಯದೆ ಕರೆತನ್ನಿ. ಮೂರು ಮತ್ತು ಐದನೇ ದಿನ ನೀವೇ ನೋಡಿ. ಹೊಲಿಗೆ 10 ರಿಂದ 14 ದಿನಕ್ಕೆ ತೆಗೆಯುವ ಎಂದಿನ ಕ್ರಮವೇ ಇರಲಿ, ಪಿಆರ್‌ಪಿ ಹಾಕಿದ್ದೇವೆಂದು ಬೇಗ ತೆಗೆಯಬೇಡಿ.

ಗಾಯದ ಪಕ್ಕ ಸ್ಕೇಲ್ ಇಟ್ಟು, ಒಂದೇ ದೂರದಿಂದ, ಪ್ರತಿ ಭೇಟಿಯಲ್ಲೂ ಫೋಟೋ ತೆಗೆಯಿರಿ. ತೆರೆದ ಗಾಯಕ್ಕೆ 5 ರಿಂದ 7 ದಿನಕ್ಕೊಮ್ಮೆ ಎರಡು ಮೂರು ಸಲ ಹಾಕಬಹುದು. ಎರಡನೇ ಸಲದ ನಂತರವೂ ಫೋಟೋದಲ್ಲಿ ಅಳತೆ ಕುಗ್ಗದಿದ್ದರೆ ಮೂರನೆಯದಕ್ಕೆ ರಕ್ತ ತೆಗೆಯಬೇಡಿ. ಗಾಯವನ್ನು ಮತ್ತೆ ತೆರೆದು ಒಳಗೆ ದಾರದ ತುಂಡು, ಮುಳ್ಳು, ಸತ್ತ ಮೂಳೆಯ ಚೂರು ಇದೆಯೇ ಹುಡುಕಿ, ಕಲ್ಚರ್‌ಗೆ ಆಳದ ಅಂಗಾಂಶ ಕಳಿಸಿ, ಅಂಚಿನಿಂದ ಒಂದು ತುಂಡನ್ನು ಬಯಾಪ್ಸಿಗೆ ತೆಗೆಯಿರಿ.